ರೆಕಾರ್ಡಿನ ಇನ್ನೊಂದು ಮಗ್ಗುಲು

‘ಲಾ ಬಾಂಬಾ’ ಕೇಳುವವರಿಗೆ ನನ್ನದೊಂದು ಕೋರಿಕೆ: ಹಾಡುಗಾರನ ದನಿ ಬರುವ ಮುಂಚಿನ ಆ ನಾಲ್ಕಾರು ಸೆಕೆಂಡುಗಳನ್ನು ಗಮನವಿಟ್ಟು ಕೇಳಿ. ಎಲೆಕ್ಟ್ರಿಕ್ ಗಿಟಾರೊಂದು ಮಂದ್ರದಿಂದ ಮೆಟ್ಟಿಲು ಹತ್ತಿದಂತೆ ಏರಿ, ತಿರುಗಿ, ಮತ್ತೆ ಹೊರಟಲ್ಲಿಗೇ ಬರುತ್ತದೆ. ಡ್ರಮ್ಸ್ ಸೇರಿಕೊಳ್ಳುವಷ್ಟರಲ್ಲಿ ಕಾಲು ತನ್ನಷ್ಟಕ್ಕೆ ತಾಳ ಹಾಕುತ್ತಿರುತ್ತದೆ. ಎರಡು ನಿಮಿಷ ದಾಟುತ್ತಿದ್ದಂತೆ ಹಾಡು ಮುಗಿದೇ ಹೋಗುತ್ತದೆ.

ಇದನ್ನು 1958ರಲ್ಲಿ ಹಾಡಿದ ರಿಚಿ ವ್ಯಾಲೆನ್ಸ್‌ಗೆ ಆಗ 17 ವರ್ಷ. ಲಾಸ್ ಏಂಜಲೀಸಿನ ಪಕೊಯ್ಮಾದಲ್ಲಿ ಬೆಳೆದ ಮೆಕ್ಸಿಕನ್ ಮೂಲದ ಹುಡುಗ. ಹುಟ್ಟುಹೆಸರು ರಿಚರ್ಡ್ ವ್ಯಾಲೆನ್ಸುವೆಲಾ. ಡೆಲ್-ಫೈ ಕಂಪನಿಯ ಬಾಬ್ ಕೀನ್ ಆ ಹೆಸರನ್ನು ಮೊಟಕು ಮಾಡಿದ. ಹೆಸರು ಕೇಳಿದರೆ ಹುಡುಗನ ಮೂಲ ಗೊತ್ತಾಗಬಾರದು, ರೇಡಿಯೊದವರು ದೂರ ಇಡಬಾರದು ಎಂಬ ಲೆಕ್ಕ. ಅಂಥ ಹುಡುಗ ಪೂರಾ ಸ್ಪ್ಯಾನಿಷ್‌ನಲ್ಲೇ ಒಂದು ಹಾಡು ಹಾಡಿದ, ಅದೂ ಮನೆಯಲ್ಲಿ ಇಂಗ್ಲಿಷ್ ಮಾತಾಡಿಕೊಂಡೇ ಬೆಳೆದವನು. ಒಂದೊಂದು ಪದವನ್ನೂ ಅವನು ಎಷ್ಟು ಜತನದಿಂದ ಬಿಡಿಸಿ ಹೇಳುತ್ತಾನೆ, ಕೇಳಿ ನೋಡಿ. ನನಗೆ ಹಾಡಿನ ಜೀವವೇ ಅಲ್ಲಿದೆ ಅನಿಸುತ್ತದೆ.

ಹಾಡು ಮಾತ್ರ ಅವನಿಗಿಂತ ಬಹಳ ಹಳೆಯದು. ಮೆಕ್ಸಿಕೊದ ವೆರಾಕ್ರೂಸ್ ಕರಾವಳಿಯ ‘ಸೋನ್ ಹರೋಚೊ’ ಪರಂಪರೆಯದು, ಮದುವೆಮನೆಯಲ್ಲೂ ಕುಣಿಯುವಂಥದು. ಉದ್ದನೆಯ ರಿಬ್ಬನ್ನನ್ನು ಮರದ ಹಲಗೆಯ ಮೇಲೆ ಹಾಸಿ, ಜೋಡಿ ಅದರ ಮೇಲೆ ಹೆಜ್ಜೆ ಕುಟ್ಟುತ್ತದೆ. ಕೈ ತಾಕಿಸುವಂತಿಲ್ಲ, ತಾಳ ತಪ್ಪದೆ ಬರೀ ಪಾದಗಳಿಂದಲೇ ರಿಬ್ಬನ್ನಿಗೆ ಹೂಗಂಟು ಬೀಳಬೇಕು. ಅಲ್ಲಿ ರಾಗವನ್ನು ಎತ್ತಿಕೊಡುವುದು ‘ರೆಕಿಂತೊ’ ಎಂಬ ಪುಟ್ಟ ತಂತಿವಾದ್ಯ. ವ್ಯಾಲೆನ್ಸ್‌ನ ರೆಕಾರ್ಡಿನಲ್ಲಿ ಆ ಕೆಲಸ ಎಲೆಕ್ಟ್ರಿಕ್ ಗಿಟಾರಿನದು. ಹಾಲಿವುಡ್ಡಿನ ಗೋಲ್ಡ್ ಸ್ಟಾರ್ ಸ್ಟುಡಿಯೊದಲ್ಲಿ ಅವನ ಬೆನ್ನಿಗೆ ನಿಂತವರೂ ಸಾಮಾನ್ಯರಲ್ಲ: ಡ್ರಮ್ಸ್‌ಗೆ ಅರ್ಲ್ ಪಾಮರ್, ಗಿಟಾರಿಗೆ ಕ್ಯಾರಲ್ ಕೇ, ರೆನೆ ಹಾಲ್. ಪಾಮರ್ ರಾಕ್ ಅಂಡ್ ರೋಲ್‌ನ ಪೆಟ್ಟನ್ನೇ ಕೊಡುತ್ತಾನೆ, ಆದರೆ ಹಲಗೆಯ ಮೇಲಿನ ಹೆಜ್ಜೆಯನ್ನು ಎಲ್ಲೂ ತುಳಿದು ಹಾಕುವುದಿಲ್ಲ.

ರೆಕಾರ್ಡು ಮಾರಾಟವಾದದ್ದು ಇದರಿಂದಲ್ಲ. ಇನ್ನೊಂದು ಮಗ್ಗುಲಲ್ಲಿದ್ದ ಪ್ರೇಮಗೀತೆ ‘ಡಾನಾ’ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 2ನೇ ಸ್ಥಾನಕ್ಕೇರಿತು. ‘ಲಾ ಬಾಂಬಾ’ 22ಕ್ಕೇ ನಿಂತಿತು. 1959ರ ಫೆಬ್ರವರಿ 3ರಂದು ಅಯೋವಾದ ಕ್ಲಿಯರ್ ಲೇಕ್ ಬಳಿ ವಿಮಾನ ಬಿದ್ದು, ಬಡಿ ಹಾಲಿ ಮತ್ತು ಜೆ.ಪಿ. ರಿಚರ್ಡ್‌ಸನ್ ಜೊತೆ ವ್ಯಾಲೆನ್ಸ್ ಕೂಡ ತೀರಿಹೋದ. ಆ ಸಾವನ್ನು ಮುಂದಿಟ್ಟುಕೊಂಡೇ ಈ ಹಾಡು ಕೇಳಿಸುವ ರೂಢಿ ನನಗೆ ಒಗ್ಗುವುದಿಲ್ಲ. ಅಷ್ಟು ಉಲ್ಲಾಸದ ಹಾಡಿಗೆ ಮರುಕದ ಊರುಗೋಲು ಬೇಡ.

1987ರಲ್ಲಿ ಅವನ ಬದುಕು ಸಿನಿಮಾ ಆದಾಗ ಲಾಸ್ ಏಂಜಲೀಸಿನದೇ ತಂಡ ‘ಲೋಸ್ ಲೋಬೋಸ್’ ಇದನ್ನು ಮತ್ತೆ ಹಾಡಿ 1ನೇ ಸ್ಥಾನಕ್ಕೆ ಏರಿಸಿತು. ಸಿನಿಮಾದ ಆಲ್ಬಮ್ಮಿನಲ್ಲಿರುವುದನ್ನು ಕೊನೆಯವರೆಗೂ ಕೇಳಿ. ಡ್ರಮ್ಸ್, ಎಲೆಕ್ಟ್ರಿಕ್ ಗಿಟಾರು ಎಲ್ಲ ಸದ್ದಡಗಿದ ಮೇಲೆ ವೆರಾಕ್ರೂಸಿನ ಹಳೆಯ ಧಾಟಿಯ ತಂತಿವಾದ್ಯಗಳಷ್ಟೇ ಉಳಿದು, ಅದೇ ರಾಗವನ್ನು ಹಳ್ಳಿಯ ಮದುವೆಮನೆಯಲ್ಲಿ ನುಡಿಸುವಂತೆ ನುಡಿಸುತ್ತವೆ.