ಮಳೆ ನಿಂತ ಮೇಲಿನ ಆಸರೆ

2018ರ ಆಗಸ್ಟ್ ನಡುವಿನಲ್ಲಿ ಕೊಡಗಿನ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಜೋಡುಪಾಲ, ಮೊಣ್ಣಂಗೇರಿಗಳ ಬೆಟ್ಟಗಳು ಕುಸಿದು, ಕಾಫಿತೋಟವೆನ್ನದೆ ಗದ್ದೆಯೆನ್ನದೆ ಮನೆಯೆನ್ನದೆ ಎಲ್ಲವನ್ನೂ ಕೆಸರಿನಡಿ ಹುಗಿದಾಗ, ಉಟ್ಟ ಬಟ್ಟೆಯಲ್ಲಿ ಹೊರಟ ಸಾವಿರಾರು ಜನರು ಪರಿಹಾರ ಕೇಂದ್ರಗಳನ್ನು ಸೇರಿದರು. ಅನ್ನವಸ್ತ್ರಗಳ ಬೆನ್ನಿಗೇ ಅಲ್ಲಿಗೆ ಬಂದ ಮನೋಸಾಮಾಜಿಕ ನೆರವೆಂಬ ಕಾರ್ಯವು ಎಳೆಯರ ಪಾಲಿಗೆ ಎಷ್ಟರಮಟ್ಟಿಗೆ ಆಸರೆಯಾಯಿತೆಂಬುದನ್ನು ಪರಿಶೀಲಿಸುವುದು ಅವಶ್ಯವಾಗಿದೆ.

ಆ ನೆರವಿನ ಗುಣವನ್ನು ಮೊದಲು ಹೇಳಬೇಕು. 1984ರ ಭೋಪಾಲ ದುರಂತದಿಂದ ಮೊದಲ್ಗೊಂಡು ಇಂತಹ ವಿಪತ್ತುಗಳಲ್ಲಿ ದುಡಿದ ನಿಮ್ಹಾನ್ಸ್ ಮಾನಸಿಕ ಆರೋಗ್ಯ ಸಂಸ್ಥೆಯ ಅನುಭವವು ಕೊಡಗಿಗೂ ಒದಗಿತು. ಮಳೆಯ ಸದ್ದಿಗೆ ಬೆಚ್ಚುವ, ಮಾತು ಬಿಟ್ಟು ಮೂಲೆ ಸೇರುವ ಬಾಲಕನು ರೋಗಿಯಲ್ಲ, ಅವನ ಅಂಜಿಕೆಯು ಕಂಡ ಘೋರಕ್ಕೆ ಸಹಜವಾದ ಪ್ರತಿಕ್ರಿಯೆ ಎಂಬ ತಿಳಿವಳಿಕೆಯೇ ಈ ನೆರವಿನ ದೊಡ್ಡ ಉಪಕಾರ. ಆದರೆ ಇಂತಹ ಕೇಂದ್ರಗಳಿಗೆ ಸದುದ್ದೇಶದಿಂದಲೇ ಬರುವವರಲ್ಲಿ ಅನೇಕರು ದುರಂತದ ಕಥೆಯನ್ನು ಮಕ್ಕಳಿಂದ ಮತ್ತೆ ಮತ್ತೆ ಹೇಳಿಸಿ, ಧೈರ್ಯದಿಂದಿರಿ ಎಂದು ಬೋಧಿಸಿ ಮರಳುತ್ತಾರೆ. ಇದನ್ನು ನಾನು ದೋಷವೆಂದೇ ಎಣಿಸುತ್ತೇನೆ. ನೊಂದವರನ್ನು ಕಥನಕ್ಕೆ ಒತ್ತಾಯಿಸಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ 2011ರ ಕೈಪಿಡಿಯೇ ಎಚ್ಚರಿಸಿದೆ.

ಮಗುವಿಗೆ ನಿಜವಾದ ಆಸರೆ ಯಾವುದು? ಹವಾಯಿಯ ಕವಾಯ್ ದ್ವೀಪದಲ್ಲಿ 1955ರಲ್ಲಿ ಜನಿಸಿದ ಶಿಶುಗಳನ್ನು ದಶಕಗಳ ಕಾಲ ಅನುಸರಿಸಿದ ಮನೋವಿಜ್ಞಾನಿ ಎಮ್ಮಿ ವರ್ನರ್, ಕಡುಕಷ್ಟದಲ್ಲಿ ಬೆಳೆದವರಲ್ಲಿಯೂ ಸುಮಾರು ಮೂರರಲ್ಲೊಂದು ಪಾಲು ಸಮರ್ಥರಾಗಿ ನಿಂತುದನ್ನು ಕಂಡರು. ಹಾಗೆ ನಿಂತವರ ಬಾಳಿನಲ್ಲಿ ತಂದೆತಾಯಿಯೋ ಅಜ್ಜಿಯೋ ಗುರುವೋ, ಕೈಬಿಡದ ಒಬ್ಬ ಹಿರಿಯರಾದರೂ ಇದ್ದರು. ಹಾಗಾದರೆ ನಮ್ಮ ನೆರವನ್ನು ಅಳೆಯಬೇಕಾದುದು ಶಿಬಿರಗಳ ಸಂಖ್ಯೆಯಿಂದಲ್ಲ, ಅಂತಹ ಹಿರಿಯರು ಮಗುವಿನ ಜೊತೆ ಉಳಿದ ಕಾಲದಿಂದ. ಅವರು ಬೇಕಾಗುವ ಕಾಲವೂ ದೀರ್ಘವಾದುದು: ಮದೆನಾಡು, ಜಂಬೂರುಗಳ ಹೊಸ ಮನೆಗಳ ಕೀಲಿಕೈ ಸಂತ್ರಸ್ತರಿಗೆ ದೊರೆತುದು 2020ರ ಜೂನ್‌ನಲ್ಲಿ. ದುರಂತದ ವರ್ಷ ಹದಿನಾಲ್ಕರವಳಾಗಿದ್ದ ಹುಡುಗಿ ಸ್ವಂತ ಸೂರಿನಡಿ ಮಲಗುವಾಗ ಹದಿನಾರರವಳಾಗಿರಬೇಕು. ಅಷ್ಟರೊಳಗೆ 2019ರ ಮಳೆ ತೋರ ಗ್ರಾಮದ ಬೆಟ್ಟವನ್ನು ಇಳಿಸಿತು. ಮನೆ ಸಿಕ್ಕ ಎರಡೇ ತಿಂಗಳಿಗೆ ತಲಕಾವೇರಿಯ ಬ್ರಹ್ಮಗಿರಿ ಜರಿಯಿತು. ಒಂದು ಕಕ್ಕಡದ (ಬಿರುಮಳೆಯ ತಿಂಗಳ) ಗಾಯಕ್ಕೆ ಕೊಟ್ಟ ಔಷಧವು ಮುಂದಿನ ಕಕ್ಕಡಕ್ಕೆ ಸಾಲದು.

ಕೊಡಗಿನಲ್ಲಿ ತಾನಾಗಿ ಇದ್ದ ಆಸರೆಯೆಂದರೆ ಕೊಡವರ ಮನೆತನವಾದ ಒಕ್ಕ. ಮನೆ ಹೋದರೂ ಮನೆತನದ ಹೆಸರು, ಐನ್‌ಮನೆಯೆಂಬ ಮೂಲಮನೆಯ ನಂಟು, ಪುತ್ತರಿ ಹಬ್ಬಕ್ಕೆ ಕರೆಯುವ ಒಕ್ಕದ ಹಿರಿಯನಾದ ಪಟ್ಟೇದಾರ ಹೋಗುವುದಿಲ್ಲ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಆರಂಭಿಸಿದ ಕೌಟುಂಬಿಕ ಹಾಕಿಯಲ್ಲಿ ತರುಣನು ತನ್ನ ಒಕ್ಕದ ಹೆಸರಿನಲ್ಲಿಯೇ ಮೈದಾನಕ್ಕಿಳಿಯುತ್ತಾನೆ. ಅಲ್ಲಿ ಅವನು ಸಂತ್ರಸ್ತನಲ್ಲ, ತಂಡಕ್ಕೆ ಬೇಕಾದವನು. ಬೇಕಾದವನಾಗುವ ಈ ಅವಕಾಶವು ಯಾವ ಉಪನ್ಯಾಸಕ್ಕಿಂತಲೂ ಮಿಗಿಲೆಂದು ನಾನು ನಂಬಿದ್ದೇನೆ.

ಆದರೂ ಒಕ್ಕವನ್ನು ಹೊಗಳಿ ಸುಮ್ಮನಾಗುವಂತಿಲ್ಲ. ತೋಟದ ಲೈನ್ ಮನೆಗಳಲ್ಲಿ ಬೆಳೆಯುವ ಕಾರ್ಮಿಕರ ಮಕ್ಕಳಿಗೆ ಐನ್‌ಮನೆಯೂ ಇಲ್ಲ, ಪಟ್ಟೇದಾರನೂ ಇಲ್ಲ. ತೋಟ ಜರಿದರೆ ತಂದೆತಾಯಿಯರು ಕೆಲಸವನ್ನರಸಿ ಬೇರೊಂದು ತೋಟಕ್ಕೆ ಹೋಗುವರು, ಮಗು ಶಾಲೆಯನ್ನೂ ಗುರುವನ್ನೂ ಗೆಳೆಯರನ್ನೂ ಒಮ್ಮೆಗೇ ಕಳೆದುಕೊಳ್ಳುವುದು. ಆ ಮಗುವನ್ನು ಹತ್ತನೆಯ ತರಗತಿಯವರೆಗೆ ಅದೇ ಗುರುಗಳ ಕಣ್ಣಳವಿಯಲ್ಲಿ ಉಳಿಸುವ ಹಾಸ್ಟೆಲ್ಲು, ಪ್ರತಿ ಮುಂಗಾರಿನ ಆರಂಭದಲ್ಲಿ ಮರಳಿ ಬಂದು ವಿಚಾರಿಸುವ ಅದೇ ಆಪ್ತಸಮಾಲೋಚಕ: ಪುನರ್ವಸತಿ ಯೋಜನೆಗಳಲ್ಲಿ ಮನೆಯ ನಕ್ಷೆಯೊಡನೆಯೇ ಇವೆರಡನ್ನೂ ಬರೆದಿಡಬೇಕು.