ದಾದಿಯರ ಶಿಕ್ಷಣದಲ್ಲಿ ಬಾಯಿಯ ಆರೋಗ್ಯ: ಒಂದು ವಿಮರ್ಶೆ

ರೋಗಿಯ ಶರೀರವನ್ನು ಪರೀಕ್ಷಿಸುವ ಕ್ರಮವನ್ನು ಕಲಿಸುವಾಗ, ತಲೆ, ಕಣ್ಣು, ಕಿವಿ, ಮೂಗು, ಗಂಟಲು ಎಂಬ ಐದನ್ನು ಒಂದೇ ಗುಂಪಾಗಿ ಹೇಳಿಕೊಡುವ ವಾಡಿಕೆ ಅಮೆರಿಕದ ದಾದಿಯರ ಶಾಲೆಗಳಲ್ಲಿ ಬಹುಕಾಲದಿಂದ ಉಂಟು. ಈ ಐದರ ಆದ್ಯಕ್ಷರಗಳಿಂದಾದ ಸಂಕೇತಪದವೊಂದನ್ನು ವಿದ್ಯಾರ್ಥಿನಿಯರು ಕಂಠಪಾಠ ಮಾಡುತ್ತಾರೆ. ಗಂಟಲನ್ನು ನೋಡಬೇಕಾದರೆ ಬಾಯಿಯನ್ನು ತೆರೆಯಿಸಲೇಬೇಕು. ಆದರೂ ಆ ಪದದಲ್ಲಿ ಬಾಯಿಗೆ ಸ್ಥಳವಿರಲಿಲ್ಲ. ಈ ಲೋಪವನ್ನು ಎತ್ತಿ ತೋರಿಸಿ, ಬಾಯಿಗೆಂದು ಒಂದು ಅಕ್ಷರವನ್ನು ಸೇರಿಸಬೇಕೆಂದು ನ್ಯೂಯಾರ್ಕ್ ವಿಶ್ವವಿದ್ಯಾನಿಲಯದ ಜೂಡಿತ್ ಹೇಬರ್ ಮತ್ತು ಸಂಗಡಿಗರು 2015ರಲ್ಲಿ ಪ್ರಬಂಧವೊಂದನ್ನು ಪ್ರಕಟಿಸಿದರು. ಆ ಪ್ರಬಂಧದ ಹಿಂದಿರುವ ಶಿಕ್ಷಣದೃಷ್ಟಿಯ ಗುಣದೋಷಗಳನ್ನು ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ.

ಈ ಲೋಪ ಆಕಸ್ಮಿಕವಾದುದಲ್ಲ. 1840ರಲ್ಲಿ ಮೇರಿಲೆಂಡಿನ ಬಾಲ್ಟಿಮೋರಿನಲ್ಲಿ ಪ್ರಪಂಚದ ಮೊದಲನೆಯ ದಂತವೈದ್ಯ ಕಾಲೇಜು ಸ್ಥಾಪಿತವಾದಾಗ, ಅದು ವೈದ್ಯ ಕಾಲೇಜಿನಿಂದ ಬೇರೆಯಾಗಿಯೇ ಹುಟ್ಟಿತು. ಅಂದಿನಿಂದ ಹಲ್ಲಿಗೆ ಒಬ್ಬ ವೈದ್ಯ, ಉಳಿದ ದೇಹಕ್ಕೆ ಮತ್ತೊಬ್ಬನೆಂಬ ವಿಭಾಗವು ಆ ದೇಶದಲ್ಲಿ ಬೇರೂರಿತು, ವಿಮೆಯೂ ಎರಡಾಯಿತು. ಉಳ್ಳವರು ಇಬ್ಬರ ಬಳಿಗೂ ಹೋಗಬಲ್ಲರು. ಇಲ್ಲದವರ ಮಗುವು ಚುಚ್ಚುಮದ್ದಿಗೆಂದು ದಾದಿಯ ಮುಂದೆ ಹಲವು ಸಲ ಕುಳಿತರೂ, ದಂತವೈದ್ಯನ ಮುಖವನ್ನು ಕಾಣದೆಯೇ ಬೆಳೆಯಬಹುದು. ಹೀಗಿರಲಾಗಿ, ಆ ಮಗುವಿನ ಬಾಯಿಯನ್ನು ನೋಡುವ ಹೊಣೆ ದಾದಿಗೆ ಬರುವುದು ನ್ಯಾಯವೇ ಆಗಿದೆ.

ಈ ಶಿಕ್ಷಣಕ್ರಮದಲ್ಲಿ ಮೆಚ್ಚತಕ್ಕ ಅಂಶಗಳು ಅನೇಕ. ಮೇಲ್ದುಟಿಯನ್ನೆತ್ತಿ, ಹಾಲುಹಲ್ಲುಗಳು ವಸಡನ್ನು ಸೇರುವೆಡೆಯಲ್ಲಿ ಸುಣ್ಣದಂತಹ ಬಿಳಿಯ ಗೆರೆಯಿದೆಯೇ ಎಂದು ನೋಡುವುದನ್ನು ಅದು ಕಲಿಸುತ್ತದೆ. ಹುಳುಕಿನ ಪ್ರಥಮ ಚಿಹ್ನೆ ಅದೇ. ಆ ಹಂತದಲ್ಲಿ ಅದನ್ನು ತಡೆಯಬಹುದು. ಹಲ್ಲಿಗೆ ಫ್ಲೋರೈಡ್ ಲೇಪವನ್ನು ಹಚ್ಚುವುದಕ್ಕೆ ದಂತವೈದ್ಯನ ಕುರ್ಚಿಯಾಗಲಿ ಯಂತ್ರವಾಗಲಿ ಬೇಡ. ತಾಯಿಯ ತೊಡೆಯ ಮೇಲಿರುವ ಮಗುವಿಗೆ ಸಣ್ಣ ಕುಂಚದಿಂದ ಕೆಲವೇ ನಿಮಿಷಗಳಲ್ಲಿ ಹಚ್ಚಬಹುದು. ಹಾಲುಹಲ್ಲು ಮೂಡಿದಂದಿನಿಂದ ಸಾಮಾನ್ಯ ಚಿಕಿತ್ಸಾಲಯಗಳಲ್ಲಿಯೇ ಇದನ್ನು ಮಾಡಬೇಕೆಂದು ಅಮೆರಿಕದ ರೋಗನಿವಾರಣಾ ಸಲಹಾ ಮಂಡಲಿಯು 2014ರಲ್ಲಿ ಶಿಫಾರಸು ಮಾಡಿತು. ಇಲ್ಲಿ ಬೋಧನೆಯೊಡನೆ ದಾದಿಯ ಕೈಗೂ ಕೆಲಸವಿದೆ.

ಆದರೆ ನಮ್ಮ ಮುಖ್ಯ ಆಕ್ಷೇಪಣೆ ಇದು: ನೋಡಿದ ಮೇಲೆ ಏನು? ಬಿಳಿಯ ಗೆರೆಗೆ ಲೇಪವುಂಟು. ಕೀವು ತುಂಬಿದ ಹಲ್ಲಿಗೆ ದಂತವೈದ್ಯನೇ ಬೇಕು. 2007ರಲ್ಲಿ ಅದೇ ಮೇರಿಲೆಂಡಿನಲ್ಲಿ 12 ವರ್ಷದ ಬಾಲಕನೊಬ್ಬನು, ಹುಳುಕುಹಲ್ಲಿನ ಸೋಂಕು ಮಿದುಳಿಗೇರಿ ಮೃತನಾದನು. ಆ ಹಲ್ಲನ್ನು ಕೀಳಿಸಲು ಸುಮಾರು 80 ಡಾಲರು ಸಾಕಾಗುತ್ತಿತ್ತೆಂದು ಆಗ ವರದಿಯಾಯಿತು. ಬಡವರಿಗಾಗಿ ಸರ್ಕಾರವು ನಡೆಸುವ ಮೆಡಿಕೇಡ್ ವಿಮೆಯನ್ನು ಒಪ್ಪುವ ದಂತವೈದ್ಯರು ವಿರಳರಾದುದರಿಂದ, ಅವನ ತಮ್ಮನಿಗೆ ಚಿಕಿತ್ಸೆ ದೊರಕಿಸುವುದಕ್ಕೇ ತಾಯಿ ಪರದಾಡುತ್ತಿದ್ದರು. ಆ ಮನೆಯಲ್ಲಿ ಕೊರತೆಯಾಗಿದ್ದುದು ತಿಳುವಳಿಕೆಯಲ್ಲ, ಚಿಕಿತ್ಸೆ.

ಇಲ್ಲಿ ಒಂದು ಶಬ್ದದ ಅರ್ಥಸಂಕೋಚವನ್ನು ಗಮನಿಸಬೇಕು. 1986ರ ಒಟ್ಟಾವ ಸನ್ನದು ‘ಆರೋಗ್ಯವರ್ಧನೆ’ಯೆಂಬುದಕ್ಕೆ, ಜನರು ತಮ್ಮ ಆರೋಗ್ಯವನ್ನು ತಾವೇ ಆಳಿಕೊಳ್ಳುವಂತೆ ಶಕ್ತಿ ಕೊಡುವುದೆಂಬ ವಿಶಾಲಾರ್ಥವನ್ನು ಕಲ್ಪಿಸಿತು, ಸರ್ಕಾರದ ನೀತಿಯನ್ನೂ ವೈದ್ಯಸೇವೆಯ ರಚನೆಯನ್ನೂ ಮಾರ್ಪಡಿಸುವುದನ್ನು ಅದರಲ್ಲಿ ಸೇರಿಸಿತು. ತರಗತಿಯಲ್ಲಿ ಅದೇ ಶಬ್ದವು ‘ಆರೋಗ್ಯಬೋಧನೆ’ಯ ಮಟ್ಟಕ್ಕೆ ಇಳಿಯುವ ಅಪಾಯವಿದೆ. ದಿನಕ್ಕೆರಡು ಸಲ ಹಲ್ಲುಜ್ಜು, ಸಿಹಿಯನ್ನು ಬಿಡು, ಮಲಗುವಾಗ ಹಾಲಿನ ಬಾಟಲಿಯನ್ನು ಕೊಡಬೇಡ ಎಂಬ ಉಪದೇಶಗಳೆಲ್ಲ ಸರಿಯೇ. ಆದರೆ ಚಿಕಿತ್ಸೆಯ ದಾರಿ ಮುಚ್ಚಿರುವಲ್ಲಿ ಉಪದೇಶವು ದೂಷಣೆಯಾಗಿ ಪರಿಣಮಿಸುತ್ತದೆ. ಮಗುವಿನ ನೋವಿಗೆ ತಾನೇ ಕಾರಣಳೆಂಬ ಭಾವನೆಯೊಡನೆ ತಾಯಿ ಮನೆಗೆ ಹಿಂದಿರುಗುತ್ತಾಳೆ.

ದಂತವೈದ್ಯರನ್ನು ಸೃಷ್ಟಿಸುವುದು ದಾದಿಯ ಕೆಲಸವೇ ಎಂದು ವಾಚಕರು ಕೇಳಬಹುದು. ಅಲ್ಲವೆಂಬುದು ನಿಜ. ಆದರೆ ಕಳುಹಿಸಿದ ಮಗುವು ನಿಜವಾಗಿ ಚಿಕಿತ್ಸೆಯನ್ನು ಪಡೆಯಿತೇ ಎಂದು ವಿಚಾರಿಸುವುದೂ, ಪಡೆಯದವರ ಲೆಕ್ಕವನ್ನಿಟ್ಟು ಅಧಿಕಾರಿಗಳ ಮುಂದಿರಿಸುವುದೂ ಕಲಿಸಬಹುದಾದ ವಿದ್ಯೆಗಳೇ. ಅಲಾಸ್ಕದ ಮೂಲನಿವಾಸಿಗಳು ಇನ್ನೂ ಮುಂದೆ ಹೋಗಿ, ತಮ್ಮವರನ್ನೇ ನ್ಯೂಜಿಲೆಂಡಿಗೆ ಕಳುಹಿಸಿ, ಹುಳುಕನ್ನು ತುಂಬುವುದನ್ನೂ ಹಲ್ಲು ಕೀಳುವುದನ್ನೂ ಕಲಿಸಿ ಕರೆತಂದರು. ಶಾಲಾಮಕ್ಕಳ ಹಲ್ಲಿಗೆ ಚಿಕಿತ್ಸೆ ಮಾಡುವ ದಾದಿಯರನ್ನು 1921ರಿಂದಲೇ ತರಬೇತು ಮಾಡಿದ ದೇಶವದು.

ನಮ್ಮ ನಾಡಿನ ಅಧ್ಯಾಪಕರಿಗೆ ಇದರಿಂದ ಒಂದು ಎಚ್ಚರಿಕೆಯೂ ದೊರೆಯುತ್ತದೆ. ಇಂತಹ ಪಾಠಗಳನ್ನು ಇದ್ದಂತೆಯೇ ಕನ್ನಡಿಸಿದರೆ ಸಾಲದು. ಕೋಲಾರ, ಚಿತ್ರದುರ್ಗ, ರಾಯಚೂರು ಮುಂತಾದ ಜಿಲ್ಲೆಗಳ ಅನೇಕ ಗ್ರಾಮಗಳಲ್ಲಿ ಕೊಳವೆಬಾವಿಯ ನೀರಿನಲ್ಲಿಯೇ ಫ್ಲೋರೈಡ್ ಮಿತಿಮೀರಿದ್ದು, ಮಕ್ಕಳ ಹಲ್ಲುಗಳಲ್ಲಿ ಕಂದುಗಲೆಗಳನ್ನು ಉಂಟುಮಾಡುತ್ತದೆ. ಅಲ್ಲಿಯ ದಾದಿಯು ಬಾಯಿಯನ್ನು ನೋಡುವುದರ ಜೊತೆಗೆ, ಆ ಮನೆಯ ಕುಡಿಯುವ ನೀರು ಎಲ್ಲಿಯದೆಂದು ಕೇಳಬೇಕು.

ಬಾಯಿಗೆ ಒಂದು ಅಕ್ಷರವನ್ನು ದೊರಕಿಸಿದುದು ಸಣ್ಣ ಸಾಧನೆಯಲ್ಲ. ಆದರೆ ಈ ಶಿಕ್ಷಣದ ಸಾರ್ಥಕತೆಯನ್ನು ಪರೀಕ್ಷೆಯಲ್ಲಿ ಬಂದ ಅಂಕಗಳಿಂದ ಅಳೆಯಲಾಗದು. ದಾದಿ ಕಂಡ ಹುಳುಕುಗಳಲ್ಲಿ ಎಷ್ಟು ವಾಸಿಯಾದವೆಂಬುದೇ ಅದರ ಅಳತೆಗೋಲಾಗಬೇಕೆಂಬುದು ನಮ್ಮ ಅಭಿಪ್ರಾಯ.