ಅಂಕಿತದ ಉತ್ತರಾರ್ಧ: ದಾಸಸಾಹಿತ್ಯದಲ್ಲಿ ಗುರುಪರಂಪರೆಯ ಒಂದು ವಿಚಾರ

ಹರಿದಾಸಸಾಹಿತ್ಯದ ಚರಿತ್ರೆಯನ್ನು ಎರಡು ಘಟ್ಟಗಳಾಗಿ ವಿಂಗಡಿಸಿ, ವ್ಯಾಸರಾಯ, ಪುರಂದರ, ಕನಕರ ಕಾಲವನ್ನು ಉಚ್ಛ್ರಾಯವೆಂದೂ ವಿಜಯದಾಸರಿಂದ ಮೊದಲಾಗುವ ಹದಿನೆಂಟನೆಯ ಶತಮಾನವನ್ನು ಅದರ ಅನುಕರಣವೆಂದೂ ಹೇಳುವುದು ನಮ್ಮ ಪಾಠಪ್ರವಚನಗಳಲ್ಲಿ ರೂಢವಾಗಿದೆ. ಈ ತೀರ್ಪಿನಲ್ಲಿ ಸತ್ಯಾಂಶವಿಲ್ಲವೆಂದಲ್ಲ. ಆದರೆ ಹಿರಿಯರು ಮರೆಯಾದ ಮೇಲೆ ಬಂದ ಕವಿಗಳು ತಮ್ಮ ಸ್ಥಾನವನ್ನು ತಾವೇ ಹೇಗೆ ಭಾವಿಸಿದ್ದರೆಂಬುದನ್ನು ವಿಚಾರಿಸದೆ ಕೊಟ್ಟ ತೀರ್ಪು ಇದು. ಗುರು ಕಣ್ಮರೆಯಾದಾಗ ಗುರುವಿಗೆ ಒಲಿದ ದೈವವೂ ದೂರವಾಗುವುದೆ ಎಂಬ ಶಂಕೆ ಎಲ್ಲ ಭಕ್ತಿಪಂಥಗಳ ಎರಡನೆಯ ತಲೆಮಾರಿಗೂ ಎದುರಾಗತಕ್ಕದ್ದು. ದಾಸರು ಇದಕ್ಕೆ ಕಂಡುಕೊಂಡ ಸಮಾಧಾನ ಅವರ ಅಂಕಿತದ ರಚನೆಯಲ್ಲಿಯೇ ಅಡಗಿದೆಯೆಂಬುದನ್ನು ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

ರಂಗವಿಠಲ ಎಂಬುದು ಶ್ರೀಪಾದರಾಜರ ಅಂಕಿತ. ಪುರಂದರವಿಠಲ, ವಿಜಯವಿಠಲ, ಗೋಪಾಲವಿಠಲ, ಮೋಹನವಿಠಲ, ಜಗನ್ನಾಥವಿಠಲ ಎಂಬವು ಅನಂತರದವು. ಇವುಗಳಲ್ಲಿ ಪೂರ್ವಪದ ವ್ಯಕ್ತಿಯಿಂದ ವ್ಯಕ್ತಿಗೆ ಬದಲಾಗುತ್ತದೆ, ಉತ್ತರಪದ ಬದಲಾಗುವುದಿಲ್ಲ. ಎಲ್ಲ ದಾಸರಿಗೂ ಅನ್ವಯಿಸುವ ನಿಯಮ ಇದಲ್ಲವೆಂಬುದನ್ನು ಒಡನೆಯೇ ಹೇಳಬೇಕು. ವಾದಿರಾಜರದು ಹಯವದನ, ಕನಕದಾಸರದು ಕಾಗಿನೆಲೆಯಾದಿಕೇಶವ, ವ್ಯಾಸರಾಯರದು ಶ್ರೀಕೃಷ್ಣ. ಆದರೆ ಈ ಅಪವಾದಗಳಲ್ಲಿ ಕೊನೆಯದು ನಮ್ಮ ವಾದಕ್ಕೆ ಪೋಷಕವೇ ಆಗಿದೆ. ಪುರಂದರದಾಸರಿಗೆ ಅಂಕಿತವಿತ್ತವರು ವ್ಯಾಸರಾಯರೆಂಬುದು ಸಂಪ್ರದಾಯ. ಅವರು ಶಿಷ್ಯನಿಗೆ ತಮ್ಮ ಮುದ್ರಿಕೆಯನ್ನು ಕೊಡಲಿಲ್ಲ, ಅದರ ಒಂದು ಭಾಗವನ್ನೂ ಕೊಡಲಿಲ್ಲ. ಹಾಗಾದರೆ ಅಂಕಿತದಾನವೆಂಬುದು ಗುರುವು ತನ್ನ ಆಸ್ತಿಯನ್ನು ಮಗನಿಗೆ ಬರೆದುಕೊಟ್ಟಂತಲ್ಲ. ಶಿಷ್ಯನನ್ನು ದೈವದ ವಶಕ್ಕೆ ನೇರವಾಗಿ ಒಪ್ಪಿಸಿದಂತೆ. ಗುರುವಿನ ಕೈ ನಡುವೆ ಇರುತ್ತದೆ, ಗುರುವಿನ ಹೆಸರು ಇರುವುದಿಲ್ಲ. ಶಿವಶರಣರ ಅಂಕಿತಗಳಾದರೋ ಬಹುಮಟ್ಟಿಗೆ ಒಬ್ಬೊಬ್ಬರ ಇಷ್ಟದೈವದ ಪ್ರತ್ಯೇಕ ನಾಮಗಳು. ಅಲ್ಲಿ ಬದಲಾಗುವ ಪದವೂ ನಿಲ್ಲುವ ಪದವೂ ಹೀಗೆ ಜೊತೆಗೂಡಿ ಪರಂಪರೆಯುದ್ದಕ್ಕೂ ಬರುವುದಿಲ್ಲ.

ಈ ರಚನೆಯ ಮಹತ್ತ್ವ ಪರಂಪರೆ ತುಂಡಾದಂತೆ ಕಂಡ ಕಾಲದಲ್ಲಿ ಸ್ಫುಟವಾಗುತ್ತದೆ. ಪುರಂದರದಾಸರು ಕ್ರಿ. ಶ. ೧೫೬೪ರಲ್ಲಿ ಕಾಲವಾದರು. ಮರುವರ್ಷವೇ ರಕ್ಕಸತಂಗಡಿಯ ಯುದ್ಧ ನಡೆದು ವಿಜಯನಗರ ಹಾಳಾಯಿತು. ವಿಜಯದಾಸರ ಜನನವನ್ನು ೧೬೮೨ ಎಂದು ಹಿಡಿದರೆ ನಡುವೆ ನೂರಹದಿನೆಂಟು ವರ್ಷಗಳ ಅಂತರ. ಈ ಕಾಲ ಪೂರ್ಣವಾಗಿ ಬರಿದಾಗಿರಲಿಲ್ಲ. ಮಹಿಪತಿದಾಸರು ಹಾಡಿದರು, ೧೬೭೧ರಲ್ಲಿ ವೃಂದಾವನಸ್ಥರಾದ ರಾಘವೇಂದ್ರತೀರ್ಥರ ಪ್ರಭಾವವೂ ಇತ್ತು. ಆದರೂ ದಾಸಕೂಟಕ್ಕೆ ಹಿಂದಿನಂತೆ ಒಂದು ಕೇಂದ್ರವಾಗಲಿ ರಾಜಾಶ್ರಯವಾಗಲಿ ಉಳಿದಿರಲಿಲ್ಲ. ಇಂಥ ಸ್ಥಿತಿಯಲ್ಲಿ ಮಾನ್ವಿಯ ಸಮೀಪದ ಚೀಕಲಪರ್ವಿಯ ಬಡ ಬ್ರಾಹ್ಮಣ ದಾಸಪ್ಪನಿಗೆ ಪುರಂದರದಾಸರು ಕನಸಿನಲ್ಲಿ ಕಾಣಿಸಿಕೊಂಡು ವಿಜಯವಿಠಲನೆಂಬ ಅಂಕಿತವನ್ನು ಅನುಗ್ರಹಿಸಿದರೆಂದು ಐತಿಹ್ಯ. ಪುರಂದರದಾಸರು ಐದು ಲಕ್ಷ ಕೀರ್ತನೆಗಳನ್ನು ಸಂಕಲ್ಪಿಸಿ ೪,೭೫,೦೦೦ವನ್ನು ಮುಗಿಸಿದರೆಂದೂ, ಉಳಿದ ೨೫,೦೦೦ವನ್ನು ವಿಜಯದಾಸರು ಪೂರೈಸಿದರೆಂದೂ ಇನ್ನೊಂದು ನಂಬಿಕೆಯಿದೆ. ಈ ಸಂಖ್ಯೆಗಳನ್ನು ಚರಿತ್ರೆಯೆಂದು ಎಣಿಸುವುದು ಸಾಧ್ಯವಿಲ್ಲ. ವಿಮರ್ಶಕನು ಗಮನಿಸಬೇಕಾದುದು ಈ ಕಥೆಯ ಆಶಯವನ್ನು. ಮಹಾಪುರುಷನ ಸಂಕಲ್ಪವೂ ಅಪೂರ್ಣವಾಗಿಯೇ ಉಳಿದೀತು. ಆದರೆ ಆ ಸಂಕಲ್ಪವನ್ನು ಅಂಗೀಕರಿಸಿದ ಸ್ವಾಮಿಯು ಅದನ್ನು ಮರೆಯುವವನಲ್ಲ. ಹಸ್ತಾಂತರಿಸಲು ಜೀವಂತ ಹಸ್ತವೇ ಇಲ್ಲದಾಗಲೂ ಕಾರ್ಯ ನಿಲ್ಲಲಿಲ್ಲವೆಂಬುದೇ ಈ ಐತಿಹ್ಯದ ತಾತ್ಪರ್ಯ.

ಕೀರ್ತನೆಗಳಲ್ಲಿ ಮತ್ತೆ ಮತ್ತೆ ಬರುವ ಪ್ರಹ್ಲಾದ, ಧ್ರುವ, ಗಜೇಂದ್ರ, ದ್ರೌಪದಿ, ಅಜಾಮಿಳರ ಪಟ್ಟಿಯನ್ನೂ ಈ ದೃಷ್ಟಿಯಿಂದ ನೋಡಬೇಕು. ಇದನ್ನು ಬರಿಯ ಪುನರುಕ್ತಿಯೆಂದು ತಳ್ಳಿಹಾಕುವುದು ಸುಲಭ. ಆದರೆ ದಾಸರ ಪ್ರಾರ್ಥನೆಯಲ್ಲಿ ಭಕ್ತವತ್ಸಲನೆಂಬುದು ದೈವವು ಧರಿಸಿದ ಬಿರುದು. ಬಿರುದನ್ನು ಧರಿಸಿದವನು ಅದನ್ನು ಉಳಿಸಿಕೊಳ್ಳಬೇಕು. ಹಿಂದಿನವರ ಹೆಸರುಗಳನ್ನು ಎತ್ತುವ ಕವಿಯು ಆ ಬಿರುದಿಗೆ ಸಾಕ್ಷಿಗಳನ್ನು ಕರೆಯುತ್ತಿದ್ದಾನೆ. ಹೊಸ ತಲೆಮಾರಿನವನಿಗೆ ಈ ಸಾಕ್ಷ್ಯ ಹಿಂದಿನವನಿಗಿಂತ ಹೆಚ್ಚು ಅಗತ್ಯ. ಆತನು ಪುರಂದರದಾಸರನ್ನೂ ಅದೇ ಸಾಲಿಗೆ ಸೇರಿಸಿ ನೆನೆಯುತ್ತಾನೆ.

ಜಗನ್ನಾಥದಾಸರ ಕಥೆಯಲ್ಲಿ ಈ ನಂಬಿಕೆ ಪರೀಕ್ಷೆಗೆ ಒಳಗಾಗುತ್ತದೆ. ಬ್ಯಾಗವಟ್ಟಿಯ ಶ್ರೀನಿವಾಸಾಚಾರ್ಯರು ಸಂಸ್ಕೃತಪಂಡಿತರು. ಕನ್ನಡದಲ್ಲಿ ಹಾಡುವ ವಿಜಯದಾಸರ ಆಹ್ವಾನವನ್ನು ಅನಾದರಿಸಿ ಉದರರೋಗಕ್ಕೆ ತುತ್ತಾದರೆಂದೂ, ಕಡೆಗೆ ವಿಜಯದಾಸರ ಅಪ್ಪಣೆಯಂತೆ ಗೋಪಾಲದಾಸರು ತಮ್ಮ ಆಯುಸ್ಸಿನ ನಲವತ್ತು ವರ್ಷಗಳನ್ನು ಧಾರೆಯೆರೆದರೆಂದೂ ಪ್ರತೀತಿ. ರೂಢಿಯ ಲೆಕ್ಕದಂತೆ ಗೋಪಾಲದಾಸರು (೧೭೨೧–೧೭೬೨) ನಲವತ್ತರ ಆಸುಪಾಸಿನಲ್ಲಿ ತೀರಿಕೊಂಡರು. ಜಗನ್ನಾಥದಾಸರು (೧೭೨೮–೧೮೦೯) ಎಂಬತ್ತನ್ನು ದಾಟಿದರು. ಒಬ್ಬರ ಅಲ್ಪಾಯುಸ್ಸನ್ನೂ ಮತ್ತೊಬ್ಬರ ದೀರ್ಘಾಯುಸ್ಸನ್ನೂ ಭಕ್ತರು ಹೀಗೆ ಒಂದೇ ಲೆಕ್ಕಕ್ಕೆ ತಂದಿರಬೇಕೆಂದು ನಮಗೆ ತೋರುತ್ತದೆ. ಹಿರಿಯನ ಅಕಾಲಮರಣ ನಷ್ಟವಲ್ಲ, ಕಿರಿಯನಲ್ಲಿ ನಿಕ್ಷೇಪವಾದ ಧನ ಎಂಬುದು ಅವರ ಭಾವನೆ. ಇಲ್ಲಿಯೂ ಒಂದು ಸೂಕ್ಷ್ಮವಿದೆ. ಗುರುವು ಕೊಟ್ಟುದು ಆಯುಸ್ಸನ್ನು. ಅಂಕಿತ ದೊರೆತುದಾದರೋ ಪಂಢರಪುರದ ಚಂದ್ರಭಾಗಾ ನದಿಯಲ್ಲಿ, ವಿಠಲನ ಸನ್ನಿಧಿಯಲ್ಲಿ. ಪಂಡಿತನ ಅಪರಾಧವೂ ಬರಿಯ ಅಹಂಕಾರವಲ್ಲ. ದೈವವು ಹೊಸಬರ ಬಾಯಲ್ಲಿ ದೇಶಭಾಷೆಯಲ್ಲಿ ಮಾತನಾಡೀತೆಂಬುದನ್ನು ನಂಬದೆಹೋದುದು.

ಈ ವಾದಕ್ಕೆ ಆಕ್ಷೇಪವೊಂದುಂಟು. ಬದಲಾಗದ ಉತ್ತರಪದವನ್ನು ಇಷ್ಟಾಗಿ ನಂಬಿದವರ ಕಾವ್ಯ ಜಡವಾಗಲಿಲ್ಲವೆ? ಎಷ್ಟೋ ಕೀರ್ತನೆಗಳ ಮಟ್ಟಿಗೆ ಆಯಿತೆಂದು ಒಪ್ಪಬೇಕು. ಪುರಂದರದಾಸರ ಲೋಕಾನುಭವ, ಬೀದಿಯ ಮಾತಿನ ಚುರುಕು, ಅನಂತರದವರಲ್ಲಿ ವಿರಳ. ತತ್ತ್ವದ ಪರಿಭಾಷೆ ಭಾವವನ್ನು ಅದುಮುವ ಸ್ಥಳಗಳು ಹೇರಳ. ಆದರೆ ಮುಖ್ಯ ಕೃತಿಗಳಲ್ಲಿ ಇದಕ್ಕೆ ವಿರುದ್ಧವಾದುದೇ ನಡೆದಿದೆ. ವಿಜಯದಾಸರು ಪುರಂದರರ ಕೀರ್ತನೆಯೊಂದನ್ನೇ ಅನುಸರಿಸದೆ ಸುಳಾದಿಯನ್ನು ತಮ್ಮ ವಿಶಿಷ್ಟ ಮಾಧ್ಯಮವನ್ನಾಗಿ ಬೆಳೆಸಿದರು. ಜಗನ್ನಾಥದಾಸರು ಹಾಡಿನ ರೂಪದಿಂದಲೇ ಹೊರಬಂದು, ಭಾಮಿನಿ ಷಟ್ಪದಿಯಲ್ಲಿ, ಮೂವತ್ತೆರಡು ಸಂಧಿಗಳ ಹರಿಕಥಾಮೃತಸಾರವನ್ನು ರಚಿಸಿದರು. ದೈವದ ನಿಷ್ಠೆ ಗುರುವಿನ ಛಂದಸ್ಸಿಗೆ ಕಟ್ಟುಬಿದ್ದುದೆಂದು ಇವರು ಭಾವಿಸಿದ್ದರೆ ಈ ಸ್ವಾತಂತ್ರ್ಯಕ್ಕೆ ಎಡೆಯಿರುತ್ತಿರಲಿಲ್ಲ. ಉತ್ತರಪದ ಸ್ಥಿರವಾಗಿದ್ದುದರಿಂದಲೇ ಪೂರ್ವಪದ ಅಂಜದೆ ಬದಲಾಗಬಹುದಾಗಿತ್ತು.

ಆದಕಾರಣ ಎರಡನೆಯ ಘಟ್ಟದ ದಾಸರನ್ನು ಮೊದಲಿನವರ ನೆರಳೆಂದು ಓದುವುದಕ್ಕಿಂತ, ಪ್ರತಿಯೊಬ್ಬನೂ ತನ್ನ ಪೂರ್ವಪದಕ್ಕೆ ಎಷ್ಟು ಅರ್ಥವನ್ನು ಸಂಪಾದಿಸಿದನೆಂದು ಕೇಳುವುದು ಹೆಚ್ಚು ನ್ಯಾಯವಾದ ಮಾರ್ಗ. ಹರಿಕಥಾಮೃತಸಾರದ ಕರ್ತೃವು ಗುರುಗಳ ಕರುಣೆಯನ್ನು ನೆನೆದು, ತನಗೆ ಆಗುವಷ್ಟನ್ನು ಹೇಳುವೆನೆಂದು ಹೊರಡುತ್ತಾನೆ. ಪಾರಾಯಣದಲ್ಲಿ ಕಡೆಗೆ ಬರುವ ಫಲಶ್ರುತಿಯ ಸಂಧಿಯಾದರೋ ಆತನದಲ್ಲ. ಶ್ರೀದವಿಠಲನೆಂಬ ಅಂಕಿತವನ್ನುಳ್ಳ ಶಿಷ್ಯ, ಕರ್ಜಗಿಯ ದಾಸಪ್ಪನದು. ಗ್ರಂಥವನ್ನು ಓದುವವರು ಅದನ್ನು ಪ್ರಕ್ಷೇಪವೆಂದು ಬಿಡದೆ ಮೂವತ್ತಮೂರನೆಯ ಸಂಧಿಯಾಗಿ ಇಂದಿಗೂ ಓದುತ್ತಾರೆ.